ಹೊಸ ಉಸಿರಿನ ಠರಾವು

ಮನುಷ್ಯ ಕಟ್ಟಿದ ಸಂಸ್ಥೆಗಳು ಹಣವಿಲ್ಲದೆ ಸಾಯುವುದಿಲ್ಲ, ಜನವಿಲ್ಲದೆಯೂ ಸಾಯುವುದಿಲ್ಲ. ಅವುಗಳನ್ನು ಹುಟ್ಟುಹಾಕಿದ ಆದರ್ಶ ಬತ್ತಿದಾಗ ಮಾತ್ರ ಸಾಯುತ್ತವೆ. ಅಜ್ಜಂಪುರದ ವಾಚನಾಲಯದ ವಾರ್ಷಿಕ ಮಹಾಸಭೆಯಲ್ಲಿ ನಾನು ಎದ್ದುನಿಂತು ಈ ಮಾತನ್ನು ಹೇಳಿದಾಗ ಮಹಾಸಭೆಯಲ್ಲಿ ನನ್ನನ್ನೂ ಸೇರಿಸಿ ನಾಲ್ಕು ಜನರಿದ್ದರು. ಅವರಲ್ಲಿ ಒಬ್ಬರು ಬಾಗಿಲಿಗೆ ಬೀಗ ಹಾಕಲು ಕಾದು ನಿಂತಿದ್ದ ಹೆಂಗಸು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಅಲ್ಲಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಇಂಗ್ಲಿಷ್ ಬರುತ್ತದೆ ಎಂಬ ಒಂದೇ ಕಾರಣಕ್ಕೆ ವಾಚನಾಲಯದ ಕಾರ್ಯದರ್ಶಿಯೂ ಆಗಿದ್ದೆ. ಅದಕ್ಕೆ ಮೊದಲು ಕಡೂರಿನಲ್ಲಿ ಮೂರು ವರ್ಷ, ತರೀಕೆರೆಯಲ್ಲಿ ನಾಲ್ಕು ವರ್ಷ ಪಾಠ ಹೇಳಿದ್ದೆ. ಊರಿಂದ ಊರಿಗೆ ನನ್ನ ಜೊತೆ ತಪ್ಪದೆ ವರ್ಗವಾಗಿ ಬಂದದ್ದು ಎರಡು: ಒಂದು ಕಬ್ಬಿಣದ ಟ್ರಂಕು, ಇನ್ನೊಂದು 'ಬ್ರೀದ್ ನ್ಯೂ ಲೈಫ್ ಇಂಟು' ಎಂಬ ಇಂಗ್ಲಿಷ್ ನುಡಿಗಟ್ಟು. ಸೊರಗಿದ್ದಕ್ಕೆ ಹೊಸ ಉಸಿರು ತುಂಬುವುದು ಎಂದು ಅದರ ಅರ್ಥ. ಕಡೂರಿನಲ್ಲಿ ನಮ್ಮ ಹೆಡ್‌ಮಾಸ್ಟರು ಇನ್ಸ್‌ಪೆಕ್ಟರನ್ನು ಸ್ವಾಗತಿಸುವಾಗ ಅದನ್ನು ಬಳಸಿದರು. ಮೊದಲು ಕೇಳಿದ್ದು ಅಲ್ಲಿಯೇ. ತರೀಕೆರೆಯಲ್ಲಿ ಬಸ್‌ಸ್ಟ್ಯಾಂಡಿನ ಎದುರು ಅಟ್ಟದ ಮೇಲಿದ್ದ ಒಂದು ಆಟದ ಕ್ಲಬ್ಬಿಗೆ ಹೊಸ ಉಸಿರು ತುಂಬುವುದೆಂದು ನಾವು ಕೆಲವರು ತೀರ್ಮಾನಿಸಿ, ಒಂದು ಪಿಂಗ್‌ಪಾಂಗ್ ಮೇಜನ್ನು ತಂದೆವು. ಮೆಟ್ಟಿಲು ಕಿರಿದಾಗಿದ್ದರಿಂದ ಮೇಜು ಮೇಲೆ ಹೋಗಲಿಲ್ಲ. ಕೆಳಗಿನ ಹೋಟೆಲಿನವನು ಅದರ ಮೇಲೆ ಊಟದ ಎಲೆ ಹಾಕತೊಡಗಿದ. ಉಸಿರು ತುಂಬಿದ್ದು ಹೌದು, ಆದರೆ ಹೋಟೆಲಿಗೆ.

ಈ ನುಡಿಗಟ್ಟನ್ನು ವರ್ಷವರ್ಷವೂ ಹತ್ತನೆಯ ತರಗತಿಗೆ ಪಾಠ ಮಾಡುತ್ತಾ ನಾನು ಒಂದು ಸಂಗತಿಯನ್ನು ಗಮನಿಸಿದ್ದೆ. ಕನ್ನಡದಲ್ಲಿ ಗಿಡ ತಾನೇ ಚಿಗುರುತ್ತದೆ, ಕಾಯಿಲೆಯವನು ತಾನೇ ಚೇತರಿಸಿಕೊಳ್ಳುತ್ತಾನೆ, ಮಂಕಾದ ವ್ಯಾಪಾರ ತಾನೇ ಕುದುರುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಹೊರಗಿನಿಂದ ಯಾರಾದರೂ ಬಂದು ಊದಬೇಕು. ಹಾಗೆ ಬಂದು ಊದುವವರು ಸಾಮಾನ್ಯವಾಗಿ ಒಂದು ಸಮಿತಿಯೇ ಆಗಿರುತ್ತಾರೆ. ಪರೀಕ್ಷೆಯಲ್ಲಿ 'ಸ್ವಂತ ವಾಕ್ಯದಲ್ಲಿ ಬಳಸಿ' ಎಂದು ಕೇಳಿದರೆ ಇಡೀ ತರಗತಿ ಒಂದೇ ಸ್ವಂತ ವಾಕ್ಯವನ್ನು ಬರೆಯುತ್ತಿತ್ತು: ನಮ್ಮ ಹೊಸ ಹೆಡ್‌ಮಾಸ್ಟರು ಶಾಲೆಗೆ ಹೊಸ ಉಸಿರು ತುಂಬಿದರು. ಆ ಹೆಡ್‌ಮಾಸ್ಟರು ಆ ವರ್ಷ ಮಾಡಿದ್ದೆಂದರೆ ಗೇಟಿಗೆ ಬಣ್ಣ ಬಳಿಸಿದ್ದು. ಎಲ್ಲರಿಗೂ ಪೂರ್ತಿ ಅಂಕ ಕೊಟ್ಟೆ. ಒಬ್ಬ ಹುಡುಗಿ ಮಾತ್ರ, ನಮ್ಮಮ್ಮ ದಿನಾ ಬೆಳಿಗ್ಗೆ ಒಲೆಗೆ ಹೊಸ ಉಸಿರು ತುಂಬುತ್ತಾಳೆ ಎಂದು ಬರೆದಿದ್ದಳು. ಈ ನುಡಿಗಟ್ಟು ಸಂಸ್ಥೆ, ಯೋಜನೆ, ಚಳವಳಿ ಮೊದಲಾದವಕ್ಕೆ ಸಲ್ಲುತ್ತದೆಯೇ ಹೊರತು ಅಡುಗೆಮನೆಗಲ್ಲ ಎಂದು ಕೆಂಪು ಶಾಯಿಯಲ್ಲಿ ಬರೆದು ಸೊನ್ನೆ ಹಾಕಿದೆ.

ಇನ್ನು ವಾಚನಾಲಯ. ಬಸ್ಸು ನಿಲ್ಲುವ ಹುಣಸೆಮರದ ಎದುರಿಗೆ ಒಂದು ಹೆಂಚಿನ ಹಜಾರ, ಹಿಂದುಗಡೆ ಒಂದು ಸಣ್ಣ ಕೋಣೆ. ಊರಿನ ಹಳೆಯ ವರ್ತಕ ಮನೆತನವೊಂದು ಯಾವುದೋ ಕಾಲದಲ್ಲಿ ಬಿಟ್ಟುಕೊಟ್ಟ ಕಟ್ಟಡ. ಅಲ್ಲಿ ಜನ ಓದುತ್ತಿರುವಷ್ಟು ಕಾಲ ಅದು ಊರಿನದು, ಓದು ನಿಂತರೆ ಮನೆತನಕ್ಕೆ ವಾಪಸ್ಸು ಎಂದು ದಾನಪತ್ರದಲ್ಲಿತ್ತು. ಹಿಂದಿನ ಕೋಣೆಯಲ್ಲಿದ್ದವರು ರೂಮಿನಮ್ಮ. ಊರಲ್ಲಿ ವಾಚನಾಲಯಕ್ಕೆ ರೀಡಿಂಗ್ ರೂಮು ಎಂದೇ ಹೆಸರು. ಅದನ್ನು ಗುಡಿಸಿ, ಪತ್ರಿಕೆ ಜೋಡಿಸಿ, ಕುಡಿಯುವ ನೀರಿಟ್ಟು, ಬೀಗದ ಕೈ ಇಟ್ಟುಕೊಂಡಿದ್ದರಿಂದ ಆಕೆ ರೂಮಿನಮ್ಮ. ಐವತ್ತರ ಆಸುಪಾಸಿನ, ಗಟ್ಟಿ ದನಿಯ, ಗಂಡ ತೀರಿಕೊಂಡಿದ್ದ ಹೆಂಗಸು. ಎರಡನೇ ಕ್ಲಾಸಿನವರೆಗೆ ಓದಿದ್ದರು. ಆಕೆಗೆ ಆ ಕೋಣೆ ಬಿಟ್ಟು ಇದ್ದ ಬೇರೆ ಆಸರೆ ಎಂದರೆ ಪಂಚನಹಳ್ಳಿಯಲ್ಲಿದ್ದ ತಮ್ಮನ ಮನೆ. ಆ ಮನೆಯ ವಿಷಯ ಬಂದರೆ, "ಅವ್ಳ ಕೈಲಿ ಲೋಟ ಕುಕ್ಕಿಸ್ಕೊಂಡು ಕಾಫಿ ಕುಡಿಯೋಕ್ಕಿಂತ ಈ ಧೂಳೇ ವಾಸಿ" ಎನ್ನುತ್ತಿದ್ದರು. ಅವಳು ಎಂದರೆ ತಮ್ಮನ ಹೆಂಡತಿ.

ಸಮಿತಿಯಲ್ಲಿ ನನ್ನ ಹೊರತು ಇಬ್ಬರು. ಅಧ್ಯಕ್ಷರು ನಿವೃತ್ತ ಅಮಲ್ದಾರರು. ಸರ್ಕಾರ ಆ ಹುದ್ದೆಯನ್ನು ತಹಸೀಲ್ದಾರ್ ಎಂದು ಕರೆಯತೊಡಗಿ ಎಷ್ಟೋ ವರ್ಷವಾಗಿತ್ತು. ಅವರು ಅಮಲ್ದಾರರಾಗಿಯೇ ನಿವೃತ್ತರಾಗಿ ಅಮಲ್ದಾರರಾಗಿಯೇ ಉಳಿದಿದ್ದರು. ವಾಚನಾಲಯದ ಬೈಲಾವನ್ನು ಕೈಯಾರೆ ರಚಿಸಿದವರು ಅವರೇ. ಪ್ರತಿ ಮಹಾಸಭೆಯಲ್ಲೂ ಅದನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದರು. ನಾವು ಯಾರೂ ಕೇಳುತ್ತಿರಲಿಲ್ಲ. ಖಜಾಂಚಿ ಕೊಬ್ಬರಿ ಮಂಡಿಯ ಸಾಹುಕಾರರು. ಹಣೆತುಂಬ ವಿಭೂತಿ, ಮಠದ ಕೆಲಸಕ್ಕೆ ಮುಂದು, ಮಾತು ಕಡಿಮೆ.

ಆ ವರ್ಷದ ಮಹಾಸಭೆಗೆ ಮೊದಲು ಸಹಾಯಧನ ಕೊಡುವ ಗ್ರಂಥಾಲಯ ಇಲಾಖೆಯಿಂದ ಒಂದು ನೋಟೀಸು ಬಂದಿತ್ತು. ವಾಚನಾಲಯಕ್ಕೆ ಓದುಗರಿಲ್ಲವೆಂದು ತಿಳಿದುಬಂದಿದೆ. ಇನ್ನು ಮೂರು ತಿಂಗಳ ನಂತರ ತಪಾಸಣೆ ಮಾಡಲಾಗುವುದು. ಹಾಜರಿ ಪುಸ್ತಕದಲ್ಲಿ ದಿನಕ್ಕೆ ಸರಾಸರಿ ಹದಿನೈದು ಓದುಗರು ಕಾಣದಿದ್ದರೆ ಸಹಾಯಧನ ನಿಲ್ಲಿಸಿ ಕಟ್ಟಡವನ್ನು ದಾನಿಗಳಿಗೆ ಒಪ್ಪಿಸಲಾಗುವುದು. ದಾನಿಗಳ ಮನೆತನದವರು ಆಗಲೇ ಒಬ್ಬ ಮೇಸ್ತ್ರಿಯನ್ನು ಕಳಿಸಿ, ಹಜಾರದಲ್ಲಿ ಎಷ್ಟು ಗೊಬ್ಬರದ ಮೂಟೆ ಹಿಡಿಯುತ್ತವೆ ಎಂದು ಅಳತೆ ಮಾಡಿಸಿದ್ದರು. ಮೇಸ್ತ್ರಿ ಹಿಂದಿನ ಕೋಣೆಯನ್ನೂ ಅಳೆದ. ಟೇಪಿನ ಒಂದು ತುದಿಯನ್ನು ಹಿಡಿದುಕೊಂಡವರು ರೂಮಿನಮ್ಮನೇ.

ಆಗ ದಿನಕ್ಕೆ ಬರುತ್ತಿದ್ದ ಓದುಗರು ಮೂರೋ ನಾಲ್ಕೋ. ಇಂಗ್ಲಿಷ್ ಪತ್ರಿಕೆ ರೈಲಿನಲ್ಲಿ ಒಂದು ದಿನ ತಡವಾಗಿ ಬಂದು, ನೇರ ಅಮಲ್ದಾರರ ಮನೆಗೆ ಹೋಗಿ, ಅಲ್ಲಿಂದ ನನ್ನ ಮನೆಗೆ ಬಂದು, ಮೂರನೆಯ ದಿನ ವಾಚನಾಲಯವನ್ನು ತಲಪುತ್ತಿತ್ತು. ಇದು ಪದ್ಧತಿ. ಇದರಲ್ಲಿ ತಪ್ಪಿದೆಯೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

"ಮೇಷ್ಟ್ರೇ, ಠರಾವು ಇಂಗ್ಲಿಷಿನಲ್ಲೇ ಇರಲಿ" ಎಂದರು ಅಮಲ್ದಾರರು. "ಕನ್ನಡದಲ್ಲಿ ಬರೆದರೆ ಮನೆ ವಿಷಯದ ಹಾಗೆ ಕಾಣುತ್ತೆ."

ವಾಚನಾಲಯಕ್ಕೆ ಹೊಸ ಉಸಿರು ತುಂಬಲು ಸಮಿತಿ ನಿರ್ಧರಿಸಿದೆ ಎಂದು ನಾನು ಇಂಗ್ಲಿಷಿನಲ್ಲಿ ಬರೆದು ಓದಿದೆ. ಅಮಲ್ದಾರರು ಕಣ್ಣು ಮುಚ್ಚಿ ಕೇಳಿ, ಇನ್ನೊಮ್ಮೆ ಓದಿಸಿದರು.

"ಅಂದ್ರೆ ಏನ್ ಮಾಡ್ಬೇಕು ಅಂತ ಆಯ್ತು?" ಎಂದರು ಸಾಹುಕಾರರು.

"ಹೊಸ ಉಸಿರು ತುಂಬಬೇಕು."

"ಅದು ಗೊತ್ತಾಯ್ತು ಕಣ್ರೀ. ಮಾಡೋದೇನು?"

"ಮಾಡೋದು ಮುಂದಿನ ಸಭೆಯ ವಿಷಯ" ಎಂದು ಅಮಲ್ದಾರರು ಎದ್ದರು. ನಾವು ಮೂವರೂ ನಡಾವಳಿ ಪುಸ್ತಕಕ್ಕೆ ಸಹಿ ಹಾಕಿದೆವು.

ಬೀಗ ಹಾಕುತ್ತಾ ರೂಮಿನಮ್ಮ ನನ್ನನ್ನು ಕೇಳಿದರು, "ಏನ್ ಬರ್ದ್ರಿ ಸಾಮಿ?"

ನುಡಿಗಟ್ಟಿನ ಅರ್ಥ, ಬಳಕೆ ಎರಡನ್ನೂ ವಿವರಿಸಿದೆ. ಪಾಠ ಹೇಳುವ ಚಾಳಿ.

"ಯಾರು ಊದೋದು?"

"ಸಮಿತಿ."

ಆಕೆ ರಸ್ತೆಯಲ್ಲಿ ಮಂಡಿನೋವಿನಿಂದ ನಿಧಾನವಾಗಿ ಹೋಗುತ್ತಿದ್ದ ಅಮಲ್ದಾರರನ್ನು ಒಮ್ಮೆ ನೋಡಿದರು. "ಸರಿ ಬಿಡಿ" ಎಂದರು. ಬೀಗ ಎಳೆದು ನೋಡುತ್ತಾ, "ಬಂದೋರೆಲ್ಲ ಏನ್ ಮಾಡ್ಬೇಕು? ಸೈನೇ ಹಾಕ್ಬೇಕಾ?"

"ಪುಸ್ತಕದಲ್ಲಿ ಗುರುತು ಇದ್ದರಾಯಿತು" ಎಂದು ನಾನು, ಬಸ್ಸು ಬಂದದ್ದರಿಂದ, ಅವಸರದಲ್ಲಿ ಹೇಳಿ ಹೊರಟೆ.

ಸಮಿತಿ ಊದಲಿಲ್ಲವೆಂದು ಹೇಳುವ ಹಾಗಿಲ್ಲ. ಬಾಗಿಲ ಮೇಲಿನ ಬೋರ್ಡಿಗೆ ಹೊಸ ಬಣ್ಣ ಬಂತು. 'ನಿಶ್ಶಬ್ದ' ಎಂಬ ಇನ್ನೊಂದು ಬೋರ್ಡು ಬಂತು. ಅದನ್ನು ತೂಗುಹಾಕಿದ ಸಂಜೆ ಅಲ್ಲಿ ಅದರಷ್ಟು ಪಾಲನೆಯಾಗುತ್ತಿದ್ದ ಆಜ್ಞೆ ಊರಿನಲ್ಲೇ ಬೇರೆ ಇರಲಿಲ್ಲ. 'ನಿತ್ಯಜೀವನದಲ್ಲಿ ಇಂಗ್ಲಿಷ್ ನುಡಿಗಟ್ಟುಗಳು' ಎಂಬ ವಿಷಯವಾಗಿ ಒಂದು ಭಾನುವಾರ ಮಧ್ಯಾಹ್ನ ಮೂರಕ್ಕೆ ನನ್ನ ಉಪನ್ಯಾಸವೂ ಆಯಿತು. ಕೇಳಿದವರು ರೂಮಿನಮ್ಮ ಮತ್ತು ಬಿಸಿಲು ತಡೆಯದೆ ಒಳಗೆ ಬಂದಿದ್ದ ಒಬ್ಬ ಹುಣಸೆಹಣ್ಣಿನ ವ್ಯಾಪಾರಿ. ಅವನು ಕೊನೆಯಲ್ಲಿ ಎದ್ದು ಕೈಮುಗಿದು, "ಚೆನ್ನಾಗಿ ನಿದ್ದೆ ಬಂತು ಸಾಮಿ" ಎಂದು ಪ್ರಾಮಾಣಿಕವಾಗಿ ಹೇಳಿ ಹೋದ. ಉಪನ್ಯಾಸಕನಾದ ನಾನು ಓದುಗನಲ್ಲವಾದ್ದರಿಂದ ಪುಸ್ತಕಕ್ಕೆ ಸಹಿ ಹಾಕಲಿಲ್ಲ. ಆಮೇಲೆ ಪರೀಕ್ಷೆ, ಪೇಪರು ತಿದ್ದುವುದು, ಬೇಸಗೆ ರಜೆಗೆ ಕಡೂರಿನ ಮಾವನ ಮನೆ. ಸಾಹುಕಾರರಿಗೆ ಕೊಬ್ಬರಿಯ ಸುಗ್ಗಿ. ಅಮಲ್ದಾರರಿಗೆ ಮಂಡಿ. ಮುಂದಿನ ಸಭೆ ಮುಂದೆಯೇ ಉಳಿಯಿತು.

ತಪಾಸಣೆಗೆ ಎರಡು ವಾರವಿದೆ ಎನ್ನುವಾಗ ಕಡೂರಿನಿಂದ ಹಿಂದಿರುಗಿದೆ. ಬಸ್ಸಿನಿಂದ ಇಳಿದದ್ದು ಹನ್ನೊಂದೂವರೆಯ ಹೊತ್ತು. ವಾಚನಾಲಯದ ಒಳಗಿನಿಂದ ಜೋರು ಗಲಾಟೆ ಕೇಳುತ್ತಿತ್ತು. ಗೊಬ್ಬರದವರು ಆಗಲೇ ಬಂದುಬಿಟ್ಟರೇನೋ ಎಂದುಕೊಂಡು ಕಿಟಕಿಯಲ್ಲಿ ಇಣುಕಿದೆ.

ಬೆಂಚು ತುಂಬಿ, ನೆಲ ತುಂಬಿ, ಮೂವತ್ತು ನಲವತ್ತು ಜನ ಕೂತಿದ್ದರು. ಟವೆಲಿನಲ್ಲಿ ಗಾಳಿ ಬೀಸಿಕೊಳ್ಳುವವರು, ಚೀಲದ ಮೇಲೆ ಕೂತವರು, ಬುಟ್ಟಿ ಪಕ್ಕಕ್ಕಿಟ್ಟುಕೊಂಡ ಹೆಂಗಸರು. ವಾಚನಾಲಯದೊಳಗೆ ಕೂತ ಹೆಂಗಸರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಎಲ್ಲರೂ ಬುಕ್ಕಾಂಬುಧಿ ಕಡೆಯ ಬಸ್ಸಿಗೆ ಕಾಯುವವರು. ಹನ್ನೊಂದಕ್ಕೆ ಬರಬೇಕಾದ ಆ ಬಸ್ಸು ಒಂದು ಗಂಟೆಗೆ ಬರುವುದು ಆ ಕಾಲದಲ್ಲಿ ಎಲ್ಲರೂ ಒಪ್ಪಿಕೊಂಡ ಸತ್ಯ. ನಡುವೆ 'ನಿಶ್ಶಬ್ದ' ಬೋರ್ಡಿನ ಅಡಿಯಲ್ಲಿ, ಮೂರುಕಾಲಿನ ಸ್ಟೂಲಿನ ಮೇಲೆ, ಕನ್ನಡ ಪತ್ರಿಕೆಯನ್ನು ತೊಡೆಯ ಮೇಲೆ ಹರಡಿಕೊಂಡು ಅಕ್ಷರಕ್ಕೊಂದು ಬೆರಳಿಟ್ಟು ರೂಮಿನಮ್ಮ ಓದುತ್ತಿದ್ದರು.

"ತಿ... ಪ... ಟೂ... ರಿ..."

"ತಿಪಟೂರಿನಾಗೆ ಎಷ್ಟಮ್ಮಾ? ಅದೊಂದ್ ಹೇಳ್ಬಿಡು!"

"ತಡಿಯಪ್ಪಾ. ಅಕ್ಷರ ಬ್ಯಾಡ್ವಾ? ನಿನ್ ಬಸ್ಸಿಗಿಂತ ಬೇಗ ಬತ್ತೀನಿ."

"ಬಸ್ಸೇ ಬಂದ್ಬಿಡ್ತದೆ ಕಣಮ್ಮೋ!"

"ಬಂದ್ರೆ ಹೋಗು. ಕೊಬ್ಬರಿ ರೇಟು ಡ್ರೈವರ್‌ನ ಕೇಳ್ಕೋ."

ಅವನು ಕೂತ. ಎಲ್ಲರೂ ನಕ್ಕರು. ತಿಪಟೂರಿನ ಧಾರಣೆ ಬಂದಾಗ ಹಜಾರದಲ್ಲಿ ಒಂದು ಕ್ಷಣ ನಿಜವಾದ ನಿಶ್ಶಬ್ದ. ಆಮೇಲೆ ಮತ್ತೆ ಗದ್ದಲ. ಮಾರುವುದೋ ಇನ್ನೊಂದು ವಾರ ಅಟ್ಟದಲ್ಲಿಡುವುದೋ ಎಂದು ಬೆಂಚಿನ ಈ ತುದಿಯಿಂದ ಆ ತುದಿಗೆ ವಾದ.

ನಾನು ಶಾಲೆಯಲ್ಲಿರುತ್ತಿದ್ದ ಹೊತ್ತಿನಲ್ಲಿ ನಡೆದದ್ದು ಇಷ್ಟು. ಮರದ ಕೆಳಗೆ ಕಾಯುವವರು ಪ್ಯಾಂಟು ಹಾಕಿದವರನ್ನು ಕಂಡರೆ ಸಾಕು, ಧಾರಣೆ ಕೇಳುವುದನ್ನು ಆಕೆ ಎಷ್ಟೋ ವರ್ಷದಿಂದ ನೋಡಿದ್ದರು. ನಮ್ಮ ಠರಾವು ಆದ ಮಾರನೆಯ ದಿನ ಪತ್ರಿಕೆ ಹಿಡಿದು ಬಾಗಿಲಿಗೆ ಬಂದು, ಧಾರಣೆ ಓದುತ್ತೇನೆ, ಕೇಳಬೇಕಾದವರು ಒಳಗೆ ಬಂದು ಪುಸ್ತಕದಲ್ಲಿ ಗುರುತು ಹಾಕಿ ಕೂರಬೇಕು ಎಂದರು. ಸಹಿ ಬಲ್ಲವರು ಸಹಿ ಹಾಕಿದರು. ಬಾರದವರಿಗೆ, ಪುಸ್ತಕಗಳಿಗೆ ವಾಚನಾಲಯದ ಮೊಹರು ಒತ್ತುವ ಮಸಿಯ ಡಬ್ಬಿ ಇತ್ತು. ಹೆಬ್ಬೆಟ್ಟು ಒತ್ತಿದರು. ಇನ್ನೊಂದು ಕರಾರು: ಧಾರಣೆ ಕೊನೆಗೆ. ಅದಕ್ಕೆ ಮೊದಲು ಮಳೆಯ ಸುದ್ದಿ, ಕಳವಿನ ಸುದ್ದಿ, ದೂರದ ಯಾವುದೋ ದೇಶದ ಯುದ್ಧ ಎಲ್ಲವನ್ನೂ ಕೇಳಬೇಕು.

"ಯುದ್ಧ ಯಾಕೆ ಓದ್ತೀರಿ?" ಎಂದು ನಾನು ಕೇಳಿದೆ.

"ಅಷ್ಟು ಅಕ್ಷರ ಅಚ್ಚು ಹಾಕವ್ರೆ. ಸುಮ್ನೆ ಬಿಡೋಕಾಯ್ತದಾ?"

ಆಕೆಯ ಓದು ನಿಧಾನ. ಆ ನಿಧಾನವೇ ಜನರನ್ನು ಹಿಡಿದು ಕೂರಿಸುತ್ತಿತ್ತು. ಆಕೆ ಪದದ ಮೊದಲ ಎರಡು ಅಕ್ಷರ ಹೇಳುವಷ್ಟರಲ್ಲಿ ಉಳಿದದ್ದನ್ನು ಕೂತವರು ಊಹಿಸಿ ಕೂಗುತ್ತಿದ್ದರು. ತಪ್ಪಾದರೆ ಆಕೆ ಬೈಯುತ್ತಿದ್ದರು. ನಾನು ಗಡಗಡನೆ ಓದಿದ್ದರೆ ಐದು ನಿಮಿಷಕ್ಕೆ ಮುಗಿಯುತ್ತಿತ್ತು. ಎಲ್ಲರೂ ಮರದ ಕೆಳಕ್ಕೆ ಹಿಂದಿರುಗುತ್ತಿದ್ದರು.

ಮಾರನೆಯ ದಿನ ಹಾಜರಿ ಪುಸ್ತಕವನ್ನು ಹೊತ್ತುಕೊಂಡು ಅಮಲ್ದಾರರ ಮನೆಗೆ ಹೋದೆ. ಒಳ್ಳೆಯ ಸುದ್ದಿ ತಂದವನ ಉತ್ಸಾಹ ನನ್ನದು. ಅವರು ಕನ್ನಡಕ ಏರಿಸಿ ಹಾಳೆ ತಿರುವಿದರು. ಹಾಳೆ ಹಾಳೆಯಲ್ಲೂ ನೀಲಿ ಹೆಬ್ಬೆಟ್ಟು, ನಡುನಡುವೆ ಒಂದೊಂದು ಸಹಿ. ಅವರ ಮುಖ ಗಂಭೀರವಾಯಿತು.

"ಬಿಕ್ಕಲಂ ಎಲ್ಲಿ?"

ಕ್ರಯಪತ್ರ, ಭೋಗ್ಯಪತ್ರಗಳ ಕೊನೆಯಲ್ಲಿ ಅದನ್ನು ಬರೆದವನು ತನ್ನ ಹೆಸರು ಹಾಕುತ್ತಾನೆ. ಅದಕ್ಕೆ ಬಿಕ್ಕಲಂ ಎನ್ನುತ್ತಾರೆ. ಹೆಬ್ಬೆಟ್ಟಿನ ಪಕ್ಕದಲ್ಲಿ ಇದು ಇಂಥವರದು ಎಂದು ಬರೆದು, ಗುರುತಿಸಿದವರ ಹೆಸರನ್ನೂ ಹಾಕಬೇಕು. ಗಂಡಸರದು ಎಡಗೈ, ಹೆಂಗಸರದು ಬಲಗೈ. ಇವಿಲ್ಲದ ಹೆಬ್ಬೆಟ್ಟು ಮಸಿಯ ಕಲೆಗೆ ಸಮ. ಮೂವತ್ತು ವರ್ಷ ಖಾತೆ, ಪಹಣಿ ನೋಡಿದ ಮನುಷ್ಯನಿಗೆ ಇದು ಹಗಲಿನಷ್ಟು ನಿಚ್ಚಳ. ನಾಳೆ ತಪಾಸಣಾಧಿಕಾರಿ ಇದನ್ನೇ ಕೇಳಿದರೆ?

"ಸ್ವಾಮಿ, ಇದು ಜಮೀನು ಮಾರಾಟದ ಪತ್ರವಲ್ಲ" ಎಂದೆ.

"ಹೆಬ್ಬೆಟ್ಟು ಹೆಬ್ಬೆಟ್ಟೇ, ಮೇಷ್ಟ್ರೇ. ಬಿಕ್ಕಲಂ ಇಲ್ಲದ್ದನ್ನೆಲ್ಲ ಹೊಡೆದುಹಾಕಿ. ಉಳಿದ ಸಹಿಗಳ ಸರಾಸರಿ ತೆಗೆಯಿರಿ."

ಉಳಿದ ಸಹಿಗಳ ಸರಾಸರಿ ದಿನಕ್ಕೆ ಏಳು. ಒಳಗೆ ಬೆಲ್ಲದ ಪಾನಕ ಕುಡಿಯುತ್ತಾ ಕೂತಿದ್ದ ಸಾಹುಕಾರರು, "ಹಂಗೇ ಇರ್ಲಿ ಬಿಡಿ, ಯಾರ್ ನೋಡ್ತಾರೆ" ಎಂದರು. ಅಮಲ್ದಾರರು ಅವರನ್ನು ನೋಡಿದ ನೋಟದಲ್ಲಿ ಇಡೀ ಕಂದಾಯ ಇಲಾಖೆ ಇತ್ತು. ನಾನು ಕಾರ್ಯದರ್ಶಿಯಾಗಿ ವಿರೋಧಿಸಬೇಕಿತ್ತು. ವಿರೋಧಿಸಲಿಲ್ಲ. ವಾದದಲ್ಲಿ ಒಂದು ಅಂದವಿತ್ತು. ಅಂದವಾದ ವಾದಕ್ಕೆ ತಲೆಬಾಗುವುದು ನನ್ನ ದೌರ್ಬಲ್ಯ.

ಪುಸ್ತಕವನ್ನು ಹಿಂದಕ್ಕೆ ತಂದು ರೂಮಿನಮ್ಮನಿಗೆ ವಿಷಯ ತಿಳಿಸಿದೆ. ಆಕೆ ಕಸಬರಿಕೆಯನ್ನು ಮೂಲೆಗೆ ಒರಗಿಸಿದರು.

"ಅಂದ್ರೆ ನಾನು ಪಂಚನಹಳ್ಳಿಗೆ ಹೋಗ್ಬೇಕು ಅನ್ನಿ."

"ಹೆಬ್ಬೆಟ್ಟು ಯಾರದು ಅಂತ ಹೇಳುವವರಿದ್ದರೆ ನಾನೇ ಬಿಕ್ಕಲಂ ಹಾಕಬಹುದು. ಆದರೆ ಇಷ್ಟು ಜನರನ್ನು ಎಲ್ಲಿ ಅಂತ ಹುಡುಕೋದು?"

"ಹುಡ್ಕೋದ್ಯಾಕೆ? ತನ್ನಿ ಇಲ್ಲಿ." ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಬರ್ಕೊಳಿ. ಇದು, ನಡುವೆ ಅಡ್ಡ ಕೊಯ್ದೈತಲ್ಲ, ಗೌಡ್ರ ತೋಟದಾಗೆ ಕಾಯಿ ಸುಲಿಯೋನು. ಮಚ್ಚು ಜಾರಿದ್ದು. ಇದು ಅರ್ಧವೇ ಬಿದ್ದೈತೆ, ಉಗುರು ಹೋಗಿರೋನು, ಮೂರ್ನೇ ಬೆಂಚು, ಗೋಡೆ ಪಕ್ಕ. ಇದು ಅವ್ನೆಂಡ್ತಿ. ಇವ್ಳು ಹಿಟ್ಟು ತೊಳಸಿ ತೊಳಸಿ ಬೆರಳೆಲ್ಲ ಸವೆದವೆ, ಗೆರೆನೇ ಬೀಳಾಕಿಲ್ಲ."

"ಎಡಗೈಯಾ ಬಲಗೈಯಾ?"

"ಯಾವ್ ಕೈ ಖಾಲಿ ಇತ್ತೋ ಅದು. ಇನ್ನೊಂದ್ರಾಗೆ ಕೋಳಿ ಇತ್ತು."

ಮೂರು ಮಧ್ಯಾಹ್ನ ಹೀಗೆ ಕೂತೆವು. ಆಕೆ ಗುರುತಿಸುವುದು, ನಾನು ಹೆಸರು ಬರೆದು ಬಿಕ್ಕಲಂ ಹಾಕುವುದು. ನನಗೆ ಅನುಮಾನ ಬಂದು, ಪರೀಕ್ಷಿಸಲೆಂದು, ಹನ್ನೊಂದೂವರೆಯ ಹೊತ್ತಿಗೆ ಹೋಗಿ ಮೂರನೆಯ ಬೆಂಚಿನ ಗೋಡೆ ಪಕ್ಕದವನ ಕೈ ನೋಡಿದೆ. ಉಗುರು ಇರಲಿಲ್ಲ. ಆಮೇಲೆ ಪರೀಕ್ಷಿಸಲಿಲ್ಲ. ಏಳೆಂಟು ಗುರುತುಗಳನ್ನು ಮಾತ್ರ ಆಕೆ ಎಷ್ಟು ಹೊತ್ತು ನೋಡಿದರೂ ಹಿಡಿಯಲಾಗದೆ, "ಇವ್ ಯಾರ್ದೋ ಗೊತ್ತಾಗ್ಲಿಲ್ಲ, ಹೊಡ್ದಾಕಿ" ಎಂದರು. ಸುಳ್ಳು ಹೆಸರು ಹೇಳಿದ್ದರೆ ನನಗೆ ತಿಳಿಯುತ್ತಲೂ ಇರಲಿಲ್ಲ. ಅಷ್ಟನ್ನು ಹೊಡೆದುಹಾಕಿದೆ. ಅಮಲ್ದಾರರಿಗೆ ಪುಸ್ತಕ ತೋರಿಸಿದಾಗ ಅವರು ಮೂರು ಕಡೆ ಅಲ್ಪವಿರಾಮ ಹಾಕಿಸಿ ಸಮಾಧಾನಪಟ್ಟರು.

ತಪಾಸಣಾಧಿಕಾರಿ ತರೀಕೆರೆಯಿಂದ ಮಧ್ಯಾಹ್ನ ಎರಡು ಗಂಟೆಗೆ ಬರುತ್ತಾರೆಂದು ಪತ್ರ ಬಂದಿತ್ತು. ಒಂದೂಮುಕ್ಕಾಲಿಗೆ ನಾನು ಇಸ್ತ್ರಿ ಮಾಡಿದ ಅಂಗಿಯಲ್ಲಿ, ಅಮಲ್ದಾರರು ಮುಚ್ಚುಕೋಟು ಪೇಟದಲ್ಲಿ, ಸಾಹುಕಾರರು ಒಂದು ಗೊನೆ ಬಾಳೆಹಣ್ಣಿನ ಸಮೇತ ವಾಚನಾಲಯಕ್ಕೆ ಹೋದೆವು. ಅಪರಿಚಿತರೊಬ್ಬರು ಬೆಂಚಿನ ಮೇಲೆ ಕೂತು ಛತ್ರಿಯನ್ನು ಮಡಿಲಲ್ಲಿಟ್ಟುಕೊಂಡು ಕನ್ನಡ ಪತ್ರಿಕೆ ಓದುತ್ತಿದ್ದರು. ಅವರೇ ಅಧಿಕಾರಿ. ಅವರು ಬಂದು ಎರಡೂವರೆ ಗಂಟೆಯಾಗಿತ್ತು. ಆ ದಿನ ಏನೋ ಕಾರಣಕ್ಕೆ ತರೀಕೆರೆಯ ಬಸ್ಸು ಹೊತ್ತಿಗೆ ಸರಿಯಾಗಿ ಹೊರಟಿತ್ತಂತೆ.

ಅವರು ಯಾರೆಂದು ತಿಳಿಯದ ರೂಮಿನಮ್ಮ ಬಾಗಿಲಲ್ಲೇ ಮಸಿಯ ಡಬ್ಬಿಯನ್ನೂ ಪೆನ್ನನ್ನೂ ಒಟ್ಟಿಗೆ ಚಾಚಿ, "ಸೈನಾ, ಹೆಬ್ಬೆಟ್ಟಾ?" ಎಂದು ಕೇಳಿದ್ದರು. ಅವರು ಸಹಿ ಎಂದಿದ್ದರು. "ಹಂಗಾದ್ರೆ ಮುಂದೆ ಬನ್ನಿ, ಕಷ್ಟದಕ್ಷರ ಬಂದ್ರೆ ಹೇಳ್ಕೊಡೀರಂತೆ" ಎಂದು ಸ್ಟೂಲಿನ ಪಕ್ಕದಲ್ಲೇ ಕೂರಿಸಿಕೊಂಡಿದ್ದರು. ಆ ದಿನದ ಯುದ್ಧದ ಸುದ್ದಿಯಲ್ಲಿ ಎರಡು ಒತ್ತಕ್ಷರಗಳನ್ನು ಹೇಳಿಕೊಟ್ಟವರು ತಪಾಸಣಾಧಿಕಾರಿ.

ಅವರು ಬಾಳೆಹಣ್ಣು ಮುಟ್ಟಲಿಲ್ಲ. ಹಾಜರಿ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರು. ರೂಮಿನಮ್ಮ ಬಾಗಿಲ ಬಳಿ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದರು. ಬಿಕ್ಕಲಂ ಕಂಡು ಅಧಿಕಾರಿಯ ಹುಬ್ಬು ಮೇಲೇರಿತು.

"ಇದು ಯಾರ ಏರ್ಪಾಡು?"

"ನನ್ನದು" ಎಂದರು ಅಮಲ್ದಾರರು.

"ಬೇಕಿರಲಿಲ್ಲ. ಆದರೂ ಚೆನ್ನಾಗಿದೆ." ಲೆಕ್ಕ ಹಾಕಿದರು. "ಸರಾಸರಿ ಸರಿಯಾಗಿದೆ. ನಿಮ್ಮ ಬೈಲಾ ಕೊಡಿ."

ಅಮಲ್ದಾರರು ಬೈಲಾವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಅದನ್ನು ಕೇಳಿ ಪಡೆದ ಮೊದಲನೆಯ ಮನುಷ್ಯ ಈ ಅಧಿಕಾರಿ. ಓದುತ್ತಾ ಏಳನೆಯ ನಿಯಮದಲ್ಲಿ ನಿಂತರು. ಸತತವಾಗಿ ಮೂರು ತಿಂಗಳು ವಾಚನಾಲಯಕ್ಕೆ ಓದಲು ಬಾರದ ಸಮಿತಿ ಸದಸ್ಯನ ಸ್ಥಾನ ತಾನಾಗಿ ತೆರವಾಗತಕ್ಕದ್ದು.

"ಈ ಪುಸ್ತಕದಲ್ಲಿ ನಿಮ್ಮ ಮೂವರ ಸಹಿ ಎಲ್ಲಿ?"

"ನಡಾವಳಿಯಲ್ಲಿದೆ" ಎಂದೆ.

"ಅದು ಸಭೆ. ನಾನು ಕೇಳಿದ್ದು ಓದು."

"ನನ್ನ ಹೆಸರು ಪ್ರತಿ ಹಾಳೆಯಲ್ಲೂ ಇದೆಯಲ್ಲ" ಎಂದೆ, ಬಿಕ್ಕಲಂ ತೋರಿಸಿ.

"ಅದು ಬರೆದವರ ಹೆಸರು. ಬಂದವರದಲ್ಲ."

ಸಾಹುಕಾರರು ಬಾಳೆಗೊನೆಯನ್ನು ಮೆಲ್ಲಗೆ ಬೆಂಚಿನ ಅಡಿಗೆ ತಳ್ಳಿದರು. ಅಮಲ್ದಾರರು ವಾದಿಸುತ್ತಾರೆಂದು ನಾನು ಕಾದೆ. ಅವರು ಏಳನೆಯ ನಿಯಮವನ್ನು ತಾವೇ ಇನ್ನೊಮ್ಮೆ ಗಟ್ಟಿಯಾಗಿ ಓದಿದರು, ಆಮೇಲೆ ಪೇಟ ಸರಿಮಾಡಿಕೊಂಡು, "ನಿಯಮ ಸರಿಯಾಗಿದೆ. ಅನ್ವಯಿಸಿದ್ದೂ ಸರಿಯಾಗಿದೆ" ಎಂದರು. ಅವರ ದನಿಯಲ್ಲಿ ಸಂತೋಷವಿತ್ತು. ಅವರು ರಚಿಸಿದ ಬೈಲಾವನ್ನು ಯಾರಾದರೂ ಅನ್ವಯಿಸಿದ್ದು ಅದೇ ಮೊದಲು.

ವರದಿ ಮೂರು ವಾರದ ಮೇಲೆ ಇಂಗ್ಲಿಷಿನಲ್ಲಿ ಬಂತು. ನನ್ನ ನುಡಿಗಟ್ಟಿಗಾಗಿ ಎರಡು ಸಲ ಹುಡುಕಿದೆ, ಇರಲಿಲ್ಲ. ಹಾಜರಾತಿ ತೃಪ್ತಿಕರ ಎಂದಿತ್ತು, ಅಷ್ಟೆ. ಒಲೆಯ ವಾಕ್ಯ ಬರೆದ ಹುಡುಗಿಯ ಉತ್ತರಪತ್ರಿಕೆ ನೆನಪಿಗೆ ಬಂತು. ಅಷ್ಟು ಹೊತ್ತಿಗೆ ಅವಳು ಪಾಸಾಗಿ ಶಾಲೆ ಬಿಟ್ಟಿದ್ದಳು. ಶಾಲೆಯ ದಾಖಲೆಯಲ್ಲಿ ಅಂಕ ತಿದ್ದುವುದಕ್ಕೆ ಅವಕಾಶವಿರಲಿಲ್ಲ.

ಮರುದಿನ ಭಾನುವಾರ, ಹನ್ನೊಂದೂವರೆಗೆ ವಾಚನಾಲಯಕ್ಕೆ ಹೋದೆ. ರೂಮಿನಮ್ಮ ಬಾಗಿಲಲ್ಲಿ ಡಬ್ಬಿಯನ್ನೂ ಪೆನ್ನನ್ನೂ ಒಟ್ಟಿಗೆ ಚಾಚಿದರು.

"ಸೈನಾ, ಹೆಬ್ಬೆಟ್ಟಾ?"

"ಸೈನು" ಎಂದೆ.

"ಹಿಂದೆ ಕೂತ್ಕಳಿ ಮೇಷ್ಟ್ರೇ. ಮುಂದೆ ಜಾಗ ಇಲ್ಲ."

ಏಳನೆಯ ನಿಯಮದ ಪ್ರಕಾರ ಸಮಿತಿ ರದ್ದಾಯಿತು. ಸಹಾಯಧನ ಮುಂದುವರಿಯಿತು. ಗೊಬ್ಬರದ ಮನೆತನದವರು ತಮ್ಮ ಮೂಟೆಗಳಿಗೆ ರೈಲ್ವೆ ಸ್ಟೇಷನ್ನಿನ ಹತ್ತಿರ ಬೇರೆ ಜಾಗ ಬಾಡಿಗೆಗೆ ಹಿಡಿದರು. ರೂಮಿನಮ್ಮ ಹಿಂದಿನ ಕೋಣೆಯಲ್ಲೇ ಉಳಿದರು.